ಸರ್ಪಗಂಧ: ಹೂವಿನಿಂದ ಬೀಜಕ್ಕೆ, ಬೀಜದಿಂದ ಮತ್ತೆ ಗಿಡಕ್ಕೆ

ಸರ್ಪಗಂಧದ ಬೆಲೆಯೆಲ್ಲ ಅದರ ಬೇರಿನಲ್ಲಿದೆ. ಬೇರು ಕಿತ್ತ ಮೇಲೆ ಗಿಡ ಉಳಿಯುವುದಿಲ್ಲ. ಎಲೆಗಾಗಿ ಅಥವಾ ಕಾಯಿಗಾಗಿ ಬಳಸುವ ಮೂಲಿಕೆಗಳು ಕೊಯ್ಲಾದ ನಂತರವೂ ಚಿಗುರಿ ಮುಂದಿನ ವರ್ಷ ಹೂ ಬಿಡಬಲ್ಲವು. ಸರ್ಪಗಂಧಕ್ಕೆ ಆ ಅವಕಾಶವಿಲ್ಲ. ನಮ್ಮ ವೈದ್ಯ ಪದ್ಧತಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದ್ದ ಈ ಬೇರಿನಿಂದ 1931ರಲ್ಲಿ ಸಲೀಮುಜ್ಜಮಾನ್ ಸಿದ್ದಿಕಿಯವರು ಅಜ್ಮಲೀನ್ ಎಂಬ ಕ್ಷಾರಾಭವನ್ನು, ಅಂದರೆ ದೇಹದ ಮೇಲೆ ತೀವ್ರ ಪರಿಣಾಮ ಬೀರುವ ಸಸ್ಯಜನ್ಯ ರಾಸಾಯನಿಕವನ್ನು (ಆಲ್ಕಲಾಯ್ಡ್), ಬೇರ್ಪಡಿಸಿದರು. 1949ರಲ್ಲಿ ಮುಂಬೈಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲರು ಏರಿದ ರಕ್ತದೊತ್ತಡದ ಮೇಲೆ ಈ ಬೇರಿನ ಪರಿಣಾಮವನ್ನು ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಅದರಿಂದ ರಕ್ತದೊತ್ತಡ ಇಳಿಸುವ ರೆಸರ್ಪೀನ್ ಎಂಬ ಕ್ಷಾರಾಭವನ್ನು ಪ್ರತ್ಯೇಕಿಸಿದರು. ಅಲ್ಲಿಂದ ಮುಂದೆ ಔಷಧ ಕಾರ್ಖಾನೆಗಳ ಬೇಡಿಕೆಯನ್ನು ಹೆಚ್ಚುಕಡಿಮೆ ಕಾಡೇ ಪೂರೈಸಬೇಕಾಯಿತು. 1990ರಿಂದ ಈ ಸಸ್ಯ ಅಪಾಯದಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಅಂತಾರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ, ಕರ್ನಾಟಕದ ಕಾಡುಗಳಲ್ಲಿ ಅಳಿವಿನಂಚಿನಲ್ಲಿರುವ ಸಸ್ಯಗಳ ಸಾಲಿನಲ್ಲಿಯೂ ಇದೆ.

ಕಾಡಿನಲ್ಲಿ ಗಿಡ ಕಡಿಮೆಯಾದದ್ದು ಬೇರು ಕಿತ್ತದ್ದರಿಂದ ಎಂದರೆ ಅರ್ಧ ಮಾತಾಯಿತು. ಕಾಯಿ ಮಾಗಿ ಬೀಜ ಉದುರುವ ಮೊದಲೇ ಕಿತ್ತದ್ದರಿಂದ ಎಂದರೆ ಮಾತು ಪೂರ್ತಿಯಾಗುತ್ತದೆ. ಹಾಗಾಗಿ ಈ ಗಿಡವನ್ನು ಬೆಳೆಸಿ ಉಳಿಸಬೇಕೆನ್ನುವವರು ಮೊದಲು ಅದರ ಹೂವನ್ನು ಅರಿಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮುಂದಿನ ಹಂತಗಳನ್ನು ಮನೆಯ ಹಿತ್ತಲು, ತೋಟದ ಅಂಚು, ಶಾಲೆಯ ಮೂಲಿಕಾವನ ಇಂಥ ಕಡೆಗಳಲ್ಲಿ ಹತ್ತಿಪ್ಪತ್ತು ಗಿಡ ಬೆಳೆಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಮೊದಲ ಹಂತ: ಗಿಡ ಸರ್ಪಗಂಧವೇ ಎಂದು ಖಚಿತಪಡಿಸಿಕೊಳ್ಳುವುದು

ಸರ್ಪಗಂಧಿ, ಸೂತ್ರನಾಭಿ, ಪಾತಾಳಗರುಡ ಎಂಬ ಹೆಸರುಗಳೂ ಈ ಗಿಡಕ್ಕಿವೆ. ಆದರೆ ಪಾತಾಳಗರುಡ ಎಂಬ ಹೆಸರು ಬೇರೆ ಬಳ್ಳಿಗಳಿಗೂ ಸಲ್ಲುವುದರಿಂದ ಹೆಸರೊಂದನ್ನೇ ನಂಬಿ ಸಸಿ ತರಬಾರದು. ಇದಕ್ಕಿಂತ ದೊಡ್ಡ ಗೊಂದಲ ಅದರ ಸೋದರ ಸಸ್ಯವೊಂದರಿಂದ ಉಂಟಾಗುತ್ತದೆ. ಅಮೆರಿಕದ ಉಷ್ಣವಲಯದಿಂದ ಬಂದು ನಮ್ಮ ಬಯಲುಸೀಮೆಯ ರಸ್ತೆ ಬದಿಗಳಲ್ಲಿಯೂ ನೆಲೆಯೂರಿರುವ ರಾವುಲ್ಫಿಯಾ ಟೆಟ್ರಾಫಿಲ್ಲಾ ಎಂಬ ಗಿಡವನ್ನು ಎಷ್ಟೋ ಕಡೆ ಸರ್ಪಗಂಧವೆಂದೇ ನೆಟ್ಟು ಸಾಕುತ್ತಾರೆ. ಅದು ಸೊಂಪಾಗಿ ಬೆಳೆದು ಧಾರಾಳವಾಗಿ ಕಾಯಿ ಬಿಡುತ್ತದೆ, ಆದರೆ ಅದನ್ನು ಎಷ್ಟು ಬೆಳೆಸಿದರೂ ಅಪಾಯದಲ್ಲಿರುವ ನಮ್ಮ ಸಸ್ಯಕ್ಕೆ ಪ್ರಯೋಜನವಿಲ್ಲ.

ವ್ಯತ್ಯಾಸವನ್ನು ಕಣ್ಣಿನಿಂದಲೇ ಗುರುತಿಸಬಹುದು. ನಿಜವಾದ ಸರ್ಪಗಂಧ, ಅಂದರೆ ರಾವುಲ್ಫಿಯಾ ಸರ್ಪೆಂಟೈನಾ, ಸಾಮಾನ್ಯವಾಗಿ ಮೊಣಕಾಲೆತ್ತರದಿಂದ ಸೊಂಟದೆತ್ತರದವರೆಗೆ ಬೆಳೆಯುವ, ಹೆಚ್ಚು ಕವಲೊಡೆಯದ ಪುಟ್ಟ ಗಿಡ. ಕಾಂಡದ ಪ್ರತಿ ಗೆಣ್ಣಿನಲ್ಲಿ ಹೆಚ್ಚಾಗಿ 3 ಎಲೆಗಳು ಸುತ್ತುಗಟ್ಟಿರುತ್ತವೆ. ಎಲೆಯ ಮೇಲ್ಮೈ ಹೊಳಪಿನ ಹಸಿರು, ಕೆಳಮೈ ಮಾಸಲು. ಟೆಟ್ರಾಫಿಲ್ಲಾದಲ್ಲಿ ಗೆಣ್ಣಿಗೆ 4 ಎಲೆಗಳಿದ್ದು ಅವುಗಳ ಗಾತ್ರ ಒಂದೇ ಸಮನಾಗಿರುವುದಿಲ್ಲ. ಇಷ್ಟರಿಂದಲೂ ಅನುಮಾನ ಹೋಗದಿದ್ದರೆ ಹೂ ಬರುವವರೆಗೆ ಕಾಯಬೇಕು. ಟೆಟ್ರಾಫಿಲ್ಲಾದ ಹೂ ಪುಟ್ಟ ಗಡಿಗೆಯಾಕಾರದ ಬಿಳಿಯ ಹೂವಾಗಿದ್ದು ಕೆಲವೇ ಮಿಲಿಮೀಟರ್ ಉದ್ದವಿರುತ್ತದೆ. ಸರ್ಪಗಂಧದ್ದು ಸುಮಾರು ಒಂದೂವರೆ ಸೆಂಟಿಮೀಟರ್ ಉದ್ದದ ತೆಳ್ಳನೆಯ ನಳಿಕೆ. ಅದರ ತುದಿಯಲ್ಲಿ ಬಿಳಿಯ ಅಥವಾ ನಸುಗೆಂಪು ಛಾಯೆಯ 5 ಎಸಳುಗಳು, ಬುಡದಲ್ಲಿ ಎದ್ದು ಕಾಣುವ ಕೆಂಪು ತೊಟ್ಟು. ಹಸಿರೆಲೆಗಳ ನಡುವೆ ಕೆಂಪು ತೊಟ್ಟಿನ ಮೇಲೆ ನಿಂತ ಬಿಳಿ ಹೂಗೊಂಚಲನ್ನು ಒಮ್ಮೆ ಗಮನವಿಟ್ಟು ನೋಡಿದವರು ಮತ್ತೆ ತಪ್ಪುವುದಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಗಿಡದ ಬೇರಿನಲ್ಲಿರುವ ಕ್ಷಾರಾಭಗಳು ರಕ್ತದೊತ್ತಡವನ್ನು ಅಪಾಯಕರವಾಗಿ ಇಳಿಸಬಲ್ಲವು, ಖಿನ್ನತೆಯನ್ನೂ ತರಬಲ್ಲವು. ವೈದ್ಯರ ಮೇಲ್ವಿಚಾರಣೆಯಿಲ್ಲದೆ ಅದನ್ನು ಸೇವಿಸಬಾರದು. ಕಪ್ಪಗೆ ಹೊಳೆಯುವ ಹಣ್ಣು ಮಕ್ಕಳನ್ನು ಸೆಳೆಯುವುದರಿಂದ ಗಿಡವನ್ನು ಅವರ ಕೈಗೆ ಸಿಗದಂತೆ ಬೆಳೆಸಬೇಕು.

ಎರಡನೆಯ ಹಂತ: ವರ್ಷದ ಚಕ್ರವನ್ನು ಬರೆದಿಡುವುದು

ಬೇಸಿಗೆಯಲ್ಲಿ ಸೊರಗಿ ನಿಂತ ಗಿಡ ಭರಣಿ, ಕೃತ್ತಿಕೆಯ ಮಳೆ ಬಿದ್ದು ನೆಲ ನೆನೆದೊಡನೆ ಚಿಗುರುತ್ತದೆ. ಹೊಸ ಚಿಗುರಿನ ತುದಿಯಲ್ಲೂ ಎಲೆಕಂಕುಳಲ್ಲೂ ಮೊಗ್ಗಿನ ಗೊಂಚಲು ಮೂಡುತ್ತದೆ. ಏಪ್ರಿಲ್ ಅಥವಾ ಮೇ ತಿಂಗಳಿನಲ್ಲಿ ಶುರುವಾದ ಹೂವು ನವೆಂಬರಿನವರೆಗೂ ಬಿಟ್ಟುಬಿಟ್ಟು ಬರುತ್ತಿರುತ್ತದೆ. ಮಳೆಗಾಲದ ನಡುವೆ ಹೂವಿನ ಪ್ರಮಾಣ ಹೆಚ್ಚು. ಚಳಿಗಾಲಕ್ಕೆ ಬೆಳವಣಿಗೆ ನಿಂತು ಎಲೆ ಉದುರುತ್ತದೆ. ನೀರಾವರಿ ಇರುವ ತೋಟದಲ್ಲಿ ಈ ಲೆಕ್ಕ ಹಿಂದೆಮುಂದೆ ಆಗುತ್ತದೆ, ಮಲೆನಾಡಿನ ಗಿಡಕ್ಕೂ ಬಯಲುಸೀಮೆಯ ಗಿಡಕ್ಕೂ ವಾರಗಳ ಅಂತರ ಬೀಳುತ್ತದೆ. ಆದ್ದರಿಂದ ಪುಸ್ತಕದಲ್ಲಿ ಬರೆದ ತಿಂಗಳಿಗಿಂತ ನಿಮ್ಮ ಗಿಡವೇ ತೋರಿಸುವ ದಿನಾಂಕ ಹೆಚ್ಚು ಉಪಯುಕ್ತ.

ಈ ದಿನಾಂಕಗಳಿಗಾಗಿ ಒಂದು ನೋಟುಪುಸ್ತಕ ಸಾಕು. ಪ್ರತಿ ಗಿಡಕ್ಕೂ ಒಂದು ಸಂಖ್ಯೆ ಕೊಟ್ಟು ಅದರ ಪಕ್ಕದಲ್ಲಿ ಚೀಟಿ ಊರಬೇಕು. ಪ್ರತಿ ಗಿಡದಲ್ಲಿ ಎರಡು ಅಥವಾ ಮೂರು ಹೂಗೊಂಚಲುಗಳನ್ನು ಆರಿಸಿ, ಅವುಗಳ ತೊಟ್ಟಿಗೆ ಬಣ್ಣದ ದಾರವನ್ನು ಸಡಿಲವಾಗಿ ಕಟ್ಟಬೇಕು. ಅನಂತರ ವಾರಕ್ಕೆ ಎರಡು ಸಲ, ಸಾಧ್ಯವಾದಷ್ಟೂ ಬೆಳಗಿನ ಹೊತ್ತು, ಆ ಗೊಂಚಲಿನಲ್ಲಿ ಎಷ್ಟು ಮೊಗ್ಗಿದೆ, ಎಷ್ಟು ಅರಳಿದೆ, ಎಷ್ಟು ಉದುರಿದೆ, ಎಷ್ಟು ಕಾಯಿ ಕಟ್ಟಿದೆ ಎಂಬುದನ್ನು ಬರೆಯಬೇಕು. ಒಂದು ಗೊಂಚಲಿನ ಹೂಗಳು ಒಂದೇ ದಿನ ಅರಳುವುದಿಲ್ಲ. ಕೆಳಗಿನದು ಕಾಯಾಗುತ್ತಿರುವಾಗಲೂ ಪಕ್ಕದ ಕವಲಿನಲ್ಲಿ ಮೊಗ್ಗಿರಬಹುದು. ಹೂಗಳ ಒಟ್ಟು ಲೆಕ್ಕದೊಡನೆ ಕಾಯಿಗಳ ಲೆಕ್ಕವನ್ನು ಹೋಲಿಸಿದಾಗ, ಬಹುಪಾಲು ಹೂಗಳು ಕಾಯಾಗದೆಯೇ ಉದುರಿರುವುದು ಕಾಣಿಸುತ್ತದೆ. ಇದನ್ನು ನೋಡಿ ಗೊಬ್ಬರ ಸುರಿಯಲು ಓಡಬೇಕಾಗಿಲ್ಲ. ಮೊದಲು ಹೂವಿನೊಳಗೆ ಏನು ನಡೆಯುತ್ತದೆ ಎಂದು ತಿಳಿಯಬೇಕು.

ಮೂರನೆಯ ಹಂತ: ಹೂವಿನ ಒಳರಚನೆಯನ್ನು ಅರಿಯುವುದು

ಸರ್ಪಗಂಧವು ಕಣಗಿಲೆ, ನಂದಿಬಟ್ಟಲು, ನಿತ್ಯಪುಷ್ಪ, ಹಾಲೆ ಮರಗಳ ಕುಟುಂಬಕ್ಕೆ ಸೇರಿದ್ದು. ಉದುರಿದ ಹೊಸ ಹೂವೊಂದನ್ನು ಎತ್ತಿಕೊಂಡು ಅದರ ನಳಿಕೆಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಭೂತಗನ್ನಡಿಯಲ್ಲಿ ನೋಡಿದರೆ ಈ ಕುಟುಂಬದ ವೈಶಿಷ್ಟ್ಯ ಗೊತ್ತಾಗುತ್ತದೆ. ನಳಿಕೆ ಒಂದು ಕಡೆ ಸ್ವಲ್ಪ ಉಬ್ಬಿರುತ್ತದೆ. ಅಲ್ಲಿಯೇ 5 ಕೇಸರಗಳು ಒಳಗೋಡೆಗೆ ಅಂಟಿಕೊಂಡಿರುತ್ತವೆ. ಅವುಗಳ ನಡುವೆ ಅಂಡಾಶಯದಿಂದ ಮೇಲೆದ್ದ ದಾರದಂತಹ ಶಲಾಕೆಯ ತುದಿಯಲ್ಲಿ ಅದರ ದಪ್ಪನೆಯ ತಲೆಯಾದ ಶಲಾಕಾಗ್ರ ನಿಂತಿರುತ್ತದೆ. ಬುಡದಲ್ಲಿ ಅಂಡಾಶಯ, ಅದರ ಸುತ್ತ ಬಟ್ಟಲಿನಂತಹ ಬಿಲ್ಲೆ.

ಈ ಕುಟುಂಬದ ಹೂಗಳಲ್ಲಿ ಪರಾಗ ಸಾಮಾನ್ಯವಾಗಿ ಶಲಾಕಾಗ್ರದ ಮೇಲ್ಭಾಗದಲ್ಲಿ ಸಂಗ್ರಹವಾಗುತ್ತದೆ. ಪರಾಗವನ್ನು ಸ್ವೀಕರಿಸಿ ಮೊಳೆಯಿಸುವ ಭಾಗ ಇರುವುದು ಅದರ ಕೆಳಬದಿಯಲ್ಲಿ. ಎರಡೂ ಒಂದೇ ಹೂವಿನಲ್ಲಿ ಕೂದಲೆಳೆಯಷ್ಟು ದೂರದಲ್ಲಿದ್ದರೂ ಪರಾಗ ತಾನಾಗಿ ಕೆಳಕ್ಕೆ ಜಾರಿ ಅಲ್ಲಿಗೆ ಸೇರುವುದು ಕಷ್ಟ. ಮಕರಂದಕ್ಕಾಗಿ ಕೀಟವೊಂದು ನಾಲಿಗೆಯನ್ನು ಆಳಕ್ಕೆ ಇಳಿಸಿ, ಹಿಂದಕ್ಕೆ ಎಳೆದುಕೊಳ್ಳುವಾಗ ಪರಾಗ ನಾಲಿಗೆಗೆ ಅಂಟುತ್ತದೆ. ಆ ಕೀಟ ಮತ್ತೊಂದು ಹೂವಿಗೆ ಹೋದಾಗ ಅದು ಕೆಳಬದಿಗೆ ತಾಗುತ್ತದೆ. ನಳಿಕೆ ಇಷ್ಟು ಸಪೂರ, ಇಷ್ಟು ಉದ್ದ ಇರುವುದರಿಂದ ಉದ್ದ ನಾಲಿಗೆಯ ಚಿಟ್ಟೆ, ಪತಂಗಗಳಂತಹ ಅತಿಥಿಗಳಿಗೆ ಮಾತ್ರ ಈ ಕೆಲಸ ಚೆನ್ನಾಗಿ ಸಾಧ್ಯ. ಅಂಥವು ಬಾರದ ತೋಟದಲ್ಲಿ ಗಿಡ ಎಷ್ಟೇ ಆರೋಗ್ಯವಾಗಿದ್ದರೂ ಕಾಯಿ ಕಡಿಮೆ.

ಇದರಿಂದ ನಾಲ್ಕು ಕೆಲಸಗಳು ಸಹಜವಾಗಿ ಹೊರಡುತ್ತವೆ. ಗಿಡಗಳನ್ನು ಅಲ್ಲೊಂದು ಇಲ್ಲೊಂದು ನೆಡದೆ ಗುಂಪಾಗಿ ನೆಡಬೇಕು. ಒಂದೇ ತಾಯಿಗಿಡದ ಸಂತಾನವನ್ನಷ್ಟೇ ನೆಡದೆ ಬೇರೆಬೇರೆ ಮೂಲದ ಸಸಿಗಳನ್ನು ಆ ಗುಂಪಿನಲ್ಲಿ ಬೆರೆಸಬೇಕು. ಸುತ್ತಮುತ್ತ ಚಿಟ್ಟೆಗಳನ್ನು ಕರೆಯುವ ಹೂಗಿಡಗಳಿಗೆ ಜಾಗ ಕೊಡಬೇಕು. ಹೂ ಬಿಡುವ ತಿಂಗಳುಗಳಲ್ಲಿ ಕೀಟನಾಶಕ ಸಿಂಪಡಿಸಲೇಬಾರದು. ಎಲೆ ತಿನ್ನುವ ಹುಳು ಕಂಡಾಗ ಈ ಕೊನೆಯ ಮಾತನ್ನು ಪಾಲಿಸುವುದು ಕಷ್ಟವೆನಿಸುತ್ತದೆ ಎಂಬುದನ್ನು ಬಲ್ಲೆ. ಆದರೆ ಹಿಂಬದಿಯಲ್ಲಿ ಕೊಂಬಿರುವ, ಕಣ್ಣಿನಂತಹ ಎರಡು ಚುಕ್ಕೆಗಳಿರುವ ದೊಡ್ಡ ಹಸಿರು ಹುಳು ಕಣಗಿಲೆ ಪತಂಗದ ಮರಿಯಾಗಿರಬಹುದು; ಅದು ಬೆಳೆದು ರೆಕ್ಕೆ ಪಡೆದಾಗ ಉದ್ದ ನಾಲಿಗೆಯಿಂದ ಮಕರಂದ ಹೀರುವ ಜೀವಿ. ಅಂಥ ಹುಳುವನ್ನು ಎತ್ತಿ ಬೇಲಿಯ ಕಣಗಿಲೆಗೆ ಬಿಟ್ಟರೆ ಸಾಕು.

ಕೈಯಿಂದ ಪರಾಗಸ್ಪರ್ಶ ಮಾಡಬೇಕೆನ್ನುವವರು ದಾಸವಾಳಕ್ಕೆ ಮಾಡುವಂತೆ ಕುಂಚ ಸವರಿದರೆ ಇಲ್ಲಿ ಫಲ ಸಿಗುವುದಿಲ್ಲ. ಬೆಳಿಗ್ಗೆ ಹೊಸದಾಗಿ ಅರಳಿದ ಹೂವಿನ ನಳಿಕೆಯೊಳಕ್ಕೆ ಕುಂಚದ ಒಂದೇ ಒಂದು ಗಟ್ಟಿ ಕೂದಲನ್ನೋ ತೆಳ್ಳನೆಯ ನೈಲಾನ್ ಎಳೆಯನ್ನೋ ಬುಡದವರೆಗೆ ಮೆಲ್ಲನೆ ಇಳಿಸಿ, ಸ್ವಲ್ಪ ತಿರುಗಿಸಿ ಹೊರತೆಗೆಯಬೇಕು. ಬಳಿಕ ಅದೇ ಎಳೆಯನ್ನು ಬೇರೊಂದು ಗಿಡದ ಹೂವಿಗೆ ಅದೇ ರೀತಿ ಇಳಿಸಬೇಕು. ಚಿಟ್ಟೆಯ ನಾಲಿಗೆ ಮಾಡುವ ಕೆಲಸವನ್ನೇ ಇಲ್ಲಿ ಎಳೆ ಮಾಡುತ್ತದೆ. ಹೀಗೆ ಮಾಡಿದ ಹೂಗಳಿಗೆ ಬೇರೆ ಬಣ್ಣದ ದಾರ ಕಟ್ಟಿ, ಮುಟ್ಟದೆ ಬಿಟ್ಟ ಹೂಗಳ ಕಾಯಿಯೊಡನೆ ಲೆಕ್ಕ ಹೋಲಿಸಿದರೆ, ನಿಮ್ಮ ತೋಟದಲ್ಲಿ ಕೊರತೆಯಿರುವುದು ಕೀಟಗಳದ್ದೋ ಅಲ್ಲವೋ ಎಂಬುದು ಒಂದೇ ಮಳೆಗಾಲದಲ್ಲಿ ಗೊತ್ತಾಗುತ್ತದೆ. ಬಹಳ ತಾಳ್ಮೆ ಬೇಡುವ ಕೆಲಸವಿದು, ಆದರೂ ಗಿಡಗಳ ಸಂಖ್ಯೆ ಹತ್ತಕ್ಕಿಂತ ಕಡಿಮೆಯಿದ್ದಾಗ ಮಾಡಲೇಬೇಕು ಎಂದು ನಾನು ಹೇಳುತ್ತೇನೆ.

ನಾಲ್ಕನೆಯ ಹಂತ: ಹಣ್ಣು ಬಿಡಿಸುವುದು

ಪರಾಗ ಕೂಡಿದ ಅಂಡಾಶಯ ಹಸಿರು ಕಾಯಾಗಿ, ಮಾಗಿದಾಗ ನೇರಳೆಗಪ್ಪು ಬಣ್ಣಕ್ಕೆ ತಿರುಗಿ ಹೊಳೆಯುತ್ತದೆ. ಹಣ್ಣು ಹೆಸರುಕಾಳಿಗಿಂತ ತುಸು ದೊಡ್ಡದು, ಸುಮಾರು ಅರ್ಧ ಸೆಂಟಿಮೀಟರ್ ಅಡ್ಡಳತೆಯದು. ಒಂಟಿಯಾಗಿಯೋ ಬುಡದಲ್ಲಿ ಕೂಡಿದ ಜೋಡಿಯಾಗಿಯೋ ಇರುತ್ತದೆ. ಹೂಗಳು ಬೇರೆಬೇರೆ ದಿನ ಅರಳಿದ್ದರಿಂದ ಹಣ್ಣುಗಳೂ ಬೇರೆಬೇರೆ ದಿನ ಮಾಗುತ್ತವೆ. ಇಡೀ ಗೊಂಚಲನ್ನು ಒಮ್ಮೆಲೇ ಕತ್ತರಿಸುವುದು ಇಲ್ಲಿ ಆಗುವ ಸಾಮಾನ್ಯ ತಪ್ಪು. ಅದರಲ್ಲಿರುವ ಹಸಿರು ಕಾಯಿಗಳ ಬೀಜ ಬಲಿತಿರುವುದಿಲ್ಲ. ವಾರಕ್ಕೆ ಒಂದೆರಡು ಸಲ ಬಂದು ಪೂರ್ತಿ ಕಪ್ಪಾದದ್ದನ್ನಷ್ಟೇ ಬೆರಳಿನಿಂದ ಬಿಡಿಸಿಕೊಳ್ಳಬೇಕು. ತಡಮಾಡಿದರೆ ಹಕ್ಕಿಗಳು ತಿನ್ನುತ್ತವೆ ಅಥವಾ ಹಣ್ಣು ಉದುರುತ್ತದೆ. ಹಕ್ಕಿಗಳಿಗೆ ಹೋದದ್ದನ್ನು ನಷ್ಟವೆಂದು ನಾನು ಎಣಿಸುವುದಿಲ್ಲ, ಏಕೆಂದರೆ ಗಿಡ ಹಣ್ಣಿಗೆ ಬಣ್ಣ ತುಂಬಿದ್ದೇ ಅವುಗಳಿಗಾಗಿ. ಬೀಜ ತೀರ ಕಡಿಮೆ ಇರುವ ವರ್ಷ ಮಾತ್ರ ಆರಿಸಿದ ಗೊಂಚಲುಗಳಿಗೆ ತೆಳುಬಟ್ಟೆಯ ಚೀಲ ಕಟ್ಟಬಹುದು.

ಐದನೆಯ ಹಂತ: ಬೀಜ ಶುದ್ಧಿ, ಬಿತ್ತನೆ

ಹಣ್ಣನ್ನು ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಮರಳಿನೊಡನೆ ಅಂಗೈಯಲ್ಲಿ ಉಜ್ಜಿ ತಿರುಳನ್ನು ಪೂರ್ತಿ ತೆಗೆಯಬೇಕು. ಉಳಿಯುವುದು ಕಲ್ಲಿನಷ್ಟು ಗಟ್ಟಿಯಾದ ಗೊರಟು, ಬೀಜ ಅದರೊಳಗಿದೆ. ಈ ಗೊರಟುಗಳನ್ನು ನೀರು ತುಂಬಿದ ಪಾತ್ರೆಗೆ ಹಾಕಿದಾಗ ಕೆಲವು ತೇಲುತ್ತವೆ. ತೇಲಿದವುಗಳಲ್ಲಿ ಬಹುಪಾಲು ಜೊಳ್ಳು, ಅವನ್ನು ತೆಗೆದುಹಾಕಿ ಮುಳುಗಿದ್ದನ್ನಷ್ಟೇ ಇಟ್ಟುಕೊಳ್ಳಬೇಕು. ಸರ್ಪಗಂಧದ ಬೀಜ ಮೊಳೆಯುವುದು ಶೇಕಡ 5ರಷ್ಟಕ್ಕೂ ಇಳಿಯಬಹುದು, ಶೇಕಡ 50ರವರೆಗೂ ಏರಬಹುದು. ಈ ದೊಡ್ಡ ಅಂತರಕ್ಕೆ ಜೊಳ್ಳು ಒಂದು ಕಾರಣ, ಗೊರಟಿನ ಗಟ್ಟಿತನ ಇನ್ನೊಂದು, ಬೀಜದ ವಯಸ್ಸು ಮೂರನೆಯದು.

ಮೂರನೆಯ ಕಾರಣವನ್ನು ಹೆಚ್ಚಿನವರು ಕಡೆಗಣಿಸುತ್ತಾರೆ. ಹೊಸ ಬೀಜ ಚೆನ್ನಾಗಿ ಮೊಳೆಯುತ್ತದೆ, ತಿಂಗಳುಗಳು ಕಳೆದಂತೆ ಶಕ್ತಿ ಕುಂದುತ್ತದೆ, ಆರೇಳು ತಿಂಗಳು ದಾಟಿದ ಮೇಲೆ ನಂಬಿಕೆ ಇಡುವಂತಿಲ್ಲ. ವಾಡಿಕೆಯಂತೆ ಬಿತ್ತನೆ ಮೇ ತಿಂಗಳಿನಲ್ಲಿ. ಆದರೆ ಹಿಂದಿನ ಆಗಸ್ಟಿನಲ್ಲಿ ಬಿಡಿಸಿದ ಬೀಜಕ್ಕೆ ಆಗ ಒಂಬತ್ತು ತಿಂಗಳಾಗಿರುತ್ತದೆ. ಆದ್ದರಿಂದ ಬೇಗ ಮಾಗಿದ ಹಣ್ಣುಗಳ ಬೀಜವನ್ನು ಕೂಡಿಡದೆ ಅದೇ ಮಳೆಗಾಲದಲ್ಲಿ ಬಿತ್ತಿ, ಸಸಿಗಳನ್ನು ಚೀಲದಲ್ಲಿಯೇ ಮುಂದಿನ ಮುಂಗಾರಿನವರೆಗೆ ಸಾಕುವುದು ಲೇಸು. ಅಕ್ಟೋಬರ್, ನವೆಂಬರಿನ ಕೊನೆಯ ಹಣ್ಣುಗಳ ಬೀಜವನ್ನು ಮಾತ್ರ ನೆರಳಿನಲ್ಲಿ ಒಣಗಿಸಿ, ತೇವ ತಾಗದಂತೆ ಮುಚ್ಚಿಟ್ಟು ಮೇ ತಿಂಗಳಿಗೆ ಉಳಿಸಬಹುದು.

ಬಿತ್ತುವ ಹಿಂದಿನ ದಿನ ಗೊರಟನ್ನು 24 ಗಂಟೆ ನೀರಿನಲ್ಲಿ ನೆನೆಸಬೇಕು. ಅರೆನೆರಳಿನ ಜಾಗದಲ್ಲಿ ಏರುಮಡಿ ಮಾಡಿ, ಎರಡು ಪಾಲು ಸಡಿಲ ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಒಂದೆರಡು ಸೆಂಟಿಮೀಟರ್ ಆಳದ ಗೆರೆಗಳಲ್ಲಿ ಬಿತ್ತಿ ಮಣ್ಣು ಮುಚ್ಚಬೇಕು. ಮಡಿಯ ತೇವ ಆರಬಾರದು, ನೀರೂ ನಿಲ್ಲಬಾರದು. ಮೊದಲ ಮೊಳಕೆಗಳು ಎರಡು ಮೂರು ವಾರಗಳಲ್ಲಿ ಕಾಣಿಸಿಕೊಂಡರೂ ಉಳಿದವು ಒಂದೊಂದಾಗಿ 50 ದಿನಗಳವರೆಗೂ ಏಳುತ್ತಲೇ ಇರುತ್ತವೆ. ತಿಂಗಳಾಯಿತು, ಇನ್ನೇನೂ ಬರುವುದಿಲ್ಲ ಎಂದು ಮಡಿಯನ್ನು ಅಗೆದುಹಾಕಿದವರು ಅರ್ಧ ಸಸಿಗಳನ್ನು ಕಳೆದುಕೊಂಡಿರುತ್ತಾರೆ. ಸಸಿ ಹತ್ತು ಸೆಂಟಿಮೀಟರಿನಷ್ಟಾದಾಗ ತಾಯಿಬೇರು ಮುರಿಯದಂತೆ ಎತ್ತಿ ಚೀಲಕ್ಕೆ ಅಥವಾ ನೆಲಕ್ಕೆ ಬದಲಾಯಿಸಬೇಕು. ನೆಲದಲ್ಲಾದರೆ ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರ್ ಅಂತರ ಸಾಕು.

ಬೀಜ ಸಿಗದಿದ್ದರೆ

ಮೂರು ಗೆಣ್ಣುಗಳಿರುವ, 15ರಿಂದ 20 ಸೆಂಟಿಮೀಟರ್ ಉದ್ದದ ಬಲಿತ ಕಾಂಡದ ತುಂಡುಗಳನ್ನು ಜೂನ್ ತಿಂಗಳಿನಲ್ಲಿ ತೇವವಿರುವ ಮಡಿಯಲ್ಲಿ ಊರಿದರೆ ಬೇರು ಬಿಡುತ್ತವೆ. ಸುಮಾರು 5 ಸೆಂಟಿಮೀಟರ್ ಉದ್ದದ ಬೇರಿನ ತುಂಡುಗಳೂ ಚಿಗುರುತ್ತವೆ. ಆದರೆ ಹೀಗೆ ಬಂದ ಗಿಡಗಳೆಲ್ಲ ಒಂದೇ ತಾಯಿಯ ಪ್ರತಿರೂಪಗಳು. ಬೀಜದಿಂದ ಬಂದ ಗಿಡದಂತೆ ಅವಕ್ಕೆ ಆಳವಾದ ತಾಯಿಬೇರು ಇಳಿಯದಿರುವುದರಿಂದ ಬೇರಿನ ಇಳುವರಿಯೂ ಕಡಿಮೆ. ಉಳಿದಿರುವ ಒಂಟಿ ಗಿಡವೊಂದನ್ನು ಕಾಪಾಡಲು ಈ ವಿಧಾನ ಅಮೂಲ್ಯ. ಇಡೀ ತೋಟವನ್ನು ಇದರಿಂದಲೇ ತುಂಬಿಸುವುದು ಸರಿಯಲ್ಲ.

ಆರನೆಯ ಹಂತ: ಬೀಜದ ಗಿಡ ಯಾವುದು, ಬೇರಿನ ಗಿಡ ಯಾವುದು ಎಂದು ತೀರ್ಮಾನಿಸುವುದು

ಸರ್ಪಗಂಧವನ್ನು ಬೇರಿಗಾಗಿ ಬೆಳೆಯುವವರಿಗೆ ಹೂ ಕಂಡೊಡನೆ ಚಿವುಟಬೇಕೆಂಬ ಸಲಹೆ ಸಿಗುತ್ತದೆ. ಹೂವಿಗೂ ಕಾಯಿಗೂ ಹೋಗುವ ಆಹಾರ ಬೇರಿಗೆ ಇಳಿಯಲಿ ಎಂಬುದು ಅದರ ಹಿಂದಿನ ಲೆಕ್ಕ, ಆ ಲೆಕ್ಕ ತಪ್ಪೇನಲ್ಲ. ಆದರೆ ಎಲ್ಲ ಗಿಡಗಳ ಹೂವನ್ನೂ ಚಿವುಟಿದ ತೋಟಕ್ಕೆ ಮುಂದಿನ ವರ್ಷದ ಬೀಜ ಹೊರಗಿನಿಂದ ಬರಬೇಕು. ಆ ಹೊರಗು ಎಂದರೆ ಬಹಳ ಸಲ ಕಾಡೇ ಆಗಿರುತ್ತದೆ. ಹತ್ತು ಗಿಡಗಳಲ್ಲಿ ಕನಿಷ್ಠ ಎರಡನ್ನಾದರೂ ಬೀಜಕ್ಕೆಂದು ಮೊದಲೇ ಗುರುತಿಸಿ, ಅವುಗಳ ಒಂದು ಮೊಗ್ಗನ್ನೂ ಮುಟ್ಟದೆ, ಬೇರನ್ನೂ ಕೀಳದೆ ವರ್ಷಗಟ್ಟಲೆ ಉಳಿಸಿಕೊಳ್ಳಬೇಕು ಎಂಬುದು ನನ್ನ ಸಲಹೆ. ಈ ತಾಯಿಗಿಡಗಳನ್ನು ಆರಿಸುವಾಗ ಅತಿ ಎತ್ತರದ್ದನ್ನೇ ಹುಡುಕಬೇಕಾಗಿಲ್ಲ. ನೋಟುಪುಸ್ತಕದಲ್ಲಿ ಯಾವ ಗಿಡದ ಹೂಗಳು ಹೆಚ್ಚು ಕಾಯಿ ಕಟ್ಟಿವೆಯೋ, ಯಾವುದರ ಗೊರಟು ನೀರಿನಲ್ಲಿ ಹೆಚ್ಚು ಮುಳುಗಿವೆಯೋ ಅವನ್ನು ಆರಿಸಬೇಕು. ಎರಡು ವರ್ಷ ಬರೆದಿಟ್ಟ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಕಾಡಿನ ಗಿಡಗಳ ವಿಚಾರ ಬೇರೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿಂದ ಬೇರು, ಸಸಿ, ಬೀಜ ಯಾವುದನ್ನೂ ತರುವಂತಿಲ್ಲ. ಅನುಮತಿಯೊಡನೆ ಬೀಜ ಸಂಗ್ರಹಿಸುವವರೂ ಒಂದು ಗಿಡದ ಹಣ್ಣುಗಳಲ್ಲಿ ಸ್ವಲ್ಪ ಪಾಲನ್ನಷ್ಟೇ ತೆಗೆದು ಉಳಿದದ್ದನ್ನು ಹಕ್ಕಿಗಳಿಗೂ ನೆಲಕ್ಕೂ ಬಿಡಬೇಕು. ಸೊಪ್ಪಿನಬೆಟ್ಟಕ್ಕೋ ದೇವರಕಾಡಿಗೋ ಸಸಿಗಳನ್ನು ಮರಳಿಸುವ ಯೋಜನೆಯಿದ್ದರೆ, ದೂರದ ಜಿಲ್ಲೆಯ ನರ್ಸರಿಯಿಂದ ತಂದ ಸಸಿಗಿಂತ ಆ ಸೀಮೆಯ ತಾಯಿಗಿಡದ ಬೀಜದಿಂದ ಬಂದದ್ದನ್ನೇ ಒಯ್ಯಬೇಕು. ಮಳೆ ಹಿಡಿದ ಮೇಲೆ, ಮರಗಳ ಅರೆನೆರಳಿನಲ್ಲಿ, ತರಗೆಲೆ ಕಳಿತು ಕಪ್ಪಾದ ಮಣ್ಣಿರುವ, ನೀರು ಬಸಿದುಹೋಗುವ ಇಳಿಜಾರಿನಲ್ಲಿ ಐದಾರು ಗಿಡಗಳ ಗುಂಪಾಗಿ ನೆಡಬೇಕು. ಒಂಟಿಯಾಗಿ ನೆಟ್ಟ ಗಿಡ ಬದುಕಿದರೂ ಅದರ ಹೂವಿಗೆ ಪಕ್ಕದ ಗಿಡದ ಪರಾಗ ಸಿಗುವುದಿಲ್ಲ.

ಕೊನೆಯ ಹಂತ: ಬೇರು ತೆಗೆಯುವ ಕಾಲ

ಬೇರಿಗೆಂದು ಬೆಳೆದ ಗಿಡವನ್ನು ಸುಮಾರು 18 ತಿಂಗಳಾದ ಮೇಲೆ, ಡಿಸೆಂಬರಿನ ಸುಮಾರಿಗೆ ಎಲೆ ಉದುರಿದಾಗ ಅಗೆಯುವುದು ರೂಢಿ. ಜೂನಿನಲ್ಲಿ ನೆಟ್ಟ ಗಿಡಕ್ಕೆ ಇದರೊಳಗೆ ಎರಡು ಮಳೆಗಾಲಗಳು ಸಿಕ್ಕಿರುತ್ತವೆ. ಚಿವುಟದೆ ಬಿಟ್ಟಿದ್ದರೆ ಅದು ಬೀಜವನ್ನೂ ಕೊಟ್ಟು ಮುಗಿಸಿರುತ್ತದೆ. ಮಳೆಗಾಲದಲ್ಲಿ ಹಸಿರಾಗಿ ಸುಲಭವಾಗಿ ಕಣ್ಣಿಗೆ ಬೀಳುತ್ತದೆಂದು ಆಗಲೇ ಕಿತ್ತರೆ ಗೊಂಚಲಿನ ಹಸಿರು ಕಾಯಿಗಳೂ ಅದರೊಡನೆ ಸಾಯುತ್ತವೆ. ಕ್ಷಾರಾಭಗಳ ಬಹುಪಾಲು ಬೇರಿನ ತೊಗಟೆಯಲ್ಲಿರುವುದರಿಂದ, ಅಗೆಯುವ ಹಿಂದಿನ ದಿನ ನೆಲಕ್ಕೆ ನೀರುಣಿಸಿ ಮೃದು ಮಾಡಿಕೊಂಡು, ತೊಗಟೆ ಸುಲಿಯದಂತೆ ಅರ್ಧ ಮೀಟರಿನಷ್ಟು ಆಳದವರೆಗೆ ಮಣ್ಣು ಬಿಡಿಸಿ ಎತ್ತಬೇಕು. ಮುರಿದ ಸಣ್ಣ ಬೇರಿನ ತುಂಡುಗಳು ಸಿಕ್ಕರೆ ಎಸೆಯದೆ ತೇವದ ಮಡಿಯಲ್ಲಿ ಊರಿ, ತಾಯಿಗಿಡದ ಸಂಖ್ಯೆಯನ್ನು ಪಕ್ಕದ ಚೀಟಿಯಲ್ಲಿ ಬರೆದಿಡಬೇಕು.